ಒಂದೂಕಾಲು ಇಂಚಿನ ರೈಲ್ವೆ

ಕೆಲವರ ಮುಖ ಕಂಡರೆ ಜನ ದಾರಿ ಕೇಳುತ್ತಾರೆ, ಕೆಲವರ ಮುಖ ಕಂಡರೆ ಗಂಟೆ ಎಷ್ಟಾಯಿತು ಅಂತ ಕೇಳುತ್ತಾರೆ. ನನ್ನ ಮುಖ ಕಂಡರೆ ಮಾತ್ರ ಎಲ್ಲರೂ ಕೇಳುವುದು ಒಂದೇ, "ಇಲ್ಲೇನ್ ಮಾಡ್ತಿದೀರಾ?" ಇದು ವರ್ಷಗಳಿಂದ ನಡೆದುಕೊಂಡು ಬಂದಿದೆ, ನಿಲ್ಲುವ ಲಕ್ಷಣ ಕಾಣುತ್ತಿಲ್ಲ. ಹಾಗಂತ ನಾನು ಯಾರ ಗಂಟನ್ನೂ ಹೊಡೆದವನಲ್ಲ. ಗದಗದ ಕಡೆಯಿಂದ ಬಂದು ಯಲಹಂಕದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬು ನೋಡಿಕೊಂಡಿದ್ದೇನೆ. ಮನೆಗೆ ಬಂದ ಮೇಲೆ ರೈಲು ಮಾಡುತ್ತೇನೆ.

ರೈಲು ಅಂದರೆ ಪುಟ್ಟ ರೈಲು. ಈಗ ನಮ್ಮ ಕಡೆ ದೊಡ್ಡ ಹಳಿ ಇರುವ ಜಾಗದಲ್ಲಿ ಹಿಂದೆ ಎರಡೂವರೆ ಅಡಿ ಅಗಲದ ಸಣ್ಣ ಹಳಿ ಇತ್ತು. ಯಶವಂತಪುರದ ಕಡೆಯಿಂದ ಬಂದು ಯಲಹಂಕದ ಮೇಲೆ ಹಾದು ಚಿಕ್ಕಬಳ್ಳಾಪುರದ ಕಡೆ ಹೋಗುತ್ತಿತ್ತು. ಆ ಹಳೇ ರೈಲನ್ನೇ ನಾನು ಮಾಡುವುದು. ಅಂಗಡಿಯಲ್ಲಿ ಸಿಗುವ ಮಾದರಿ ರೈಲುಗಳ ಅಳತೆಗೆ ಅದು ಒಗ್ಗಲಿಲ್ಲ, ಹಾಗಾಗಿ ನನ್ನದೇ ಒಂದು ಲೆಕ್ಕ ಹಿಡಿದೆ. ಒಂದು ಅಡಿಗೆ ಅರ್ಧ ಇಂಚು. ಆರಡಿ ಮನುಷ್ಯ ನನ್ನಲ್ಲಿ ಮೂರು ಇಂಚು, ಎರಡೂವರೆ ಅಡಿ ಹಳಿ ಒಂದೂಕಾಲು ಇಂಚು. ಲೆಕ್ಕ ಸರಳ. ಆದರೆ ಈ ಅಳತೆಯಲ್ಲಿ ಈ ಹಳಿ ಮಾಡುವವರು ಬೇರೆ ಯಾರೂ ಇದ್ದಂತಿರಲಿಲ್ಲ, ಹಾಗಾಗಿ ಒಂದು ಮೊಳೆ ಕೂಡ ರೆಡಿಮೇಡ್ ಸಿಗುವುದಿಲ್ಲ. ಇಂಜಿನ್, ಬೋಗಿ, ಮರ, ಮನುಷ್ಯ, ಎಮ್ಮೆ, ಎಲ್ಲವನ್ನೂ ನಾನೇ ಅಳೆದು ನಾನೇ ಮಾಡಬೇಕು.

ಇದೆಲ್ಲ ಇರುವುದು ಅಲ್ಲಾಳಸಂದ್ರದಲ್ಲಿ ನಾವು ಬಾಡಿಗೆಗಿರುವ ಮನೆಯ ಟೆರೇಸಿನ ಮೇಲೆ, ಒಂದು ಶೀಟಿನ ರೂಮಿನಲ್ಲಿ. ನನ್ನ ಭಯ ಶುರುವಾಗುವುದೂ ಅಲ್ಲಿಂದಲೇ. ಹಳಿ ಹಾಕಿರುವ ಹಲಗೆಗಳು ಮೂರು ಗೋಡೆಗೂ ಸೇರಿಸಿ ಹೊಡೆದಂಥವು. ಬಿಚ್ಚಿ ಇನ್ನೊಂದು ಕಡೆ ಕಟ್ಟುವಂತಿಲ್ಲ. ರೂಮು ಬಿಡಿ ಅಂದರೆ ಗರಗಸ ತಂದು ಕೊಯ್ಯಬೇಕು, ಇಷ್ಟು ವರ್ಷದ ಕೆಲಸ ಸೌದೆಯಾಗುತ್ತದೆ. ಬಿಡಿ ಅನ್ನುವ ಅಧಿಕಾರ ಮನೆ ಮಾಲೀಕರಾದ ಗೌಡರದ್ದು. ಗೌಡರು ಇದೇ ಊರಿನ ಹಳೇ ಒಕ್ಕಲು ಮನೆಯವರು. ಹೊಲ ಹೋಗಿ ಬಿಲ್ಡಿಂಗು ಬಂದಿದೆ, ಹೊಲ ಕಾಯುವ ಕಣ್ಣು ಹಾಗೇ ಉಳಿದಿದೆ. ಅದರಲ್ಲೂ ಎದುರುಮನೆಯಲ್ಲಿರುವ ದೊಡ್ಡಪ್ಪನ ಮಗನ ಜೊತೆ ಜಮೀನಿನ ವ್ಯಾಜ್ಯ ಹತ್ತಿಕೊಂಡ ಮೇಲೆ ಅವರ ಪಾಲಿಗೆ ಪ್ರಪಂಚದಲ್ಲಿ ಎರಡೇ ಬಗೆಯ ಜನ. ಒಂದು, ತಮ್ಮ ಕಡೆಯವರು. ಇನ್ನೊಂದು, ಎದುರುಮನೆಯವರು ಕಳಿಸಿದವರು. ನಾನು ಯಾವ ಗುಂಪು ಅನ್ನುವುದು ಅವರಿಗೆ ಬಹಳ ದಿನ ಬಗೆಹರಿಯಲಿಲ್ಲ.

ಒಣಗಿದ ಚರಟ

ಹಳಿಯ ಪಕ್ಕದ ಹೊಲಗಳಿಗೆ ಮಣ್ಣು ಬೇಕಿತ್ತು. ನಿಜವಾದ ಮಣ್ಣನ್ನೇ ಹಾಕಿ ನೋಡಿದೆ. ಮೂರಿಂಚಿನ ಮನುಷ್ಯನ ಪಕ್ಕದಲ್ಲಿ ಒಂದೊಂದು ಹರಳೂ ಬಂಡೆಯ ಹಾಗೆ ಕಾಣುತ್ತಿತ್ತು. ಕೊನೆಗೆ ಹೊಳೆದದ್ದು ಟೀ ಸೋಸಿದ ಮೇಲೆ ಉಳಿಯುವ ಚರಟ. ಅದನ್ನು ತೊಳೆದು, ಒಣಗಿಸಿ, ಅಂಟು ಬಳಿದ ಹಲಗೆಯ ಮೇಲೆ ಉದುರಿಸಿದರೆ ಈಗ ತಾನೇ ಉತ್ತ ಹೊಲದಂತಿರುತ್ತದೆ.

ನಮ್ಮ ಮನೆಯ ಚರಟ ಒಂದು ಗುಂಟೆಗೂ ಸಾಲಲಿಲ್ಲ. ಸರ್ಕಲ್ಲಿನ ಟೀ ಅಂಗಡಿಯವನಿಗೆ ಹೇಳಿಟ್ಟೆ, ದಿನಾ ಸಂಜೆ ಎತ್ತಿಟ್ಟಿರು ಅಂತ. ಗಿಡಕ್ಕಾ ಸಾರ್ ಅಂತ ಕೇಳಿದ. ಅಲ್ಲಪ್ಪಾ, ರೈಲಿಗೆ ಅಂದೆ. ಅಂದಿನಿಂದ ಅವನು ನನಗೆ ಟೀ ಕೊಡುವಾಗ ಲೋಟ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹಿಂದಕ್ಕೆ ಸರಿದು ನಿಲ್ಲುತ್ತಾನೆ.

ಒಂದು ರಜೆಯ ದಿನ ಹಳೇ ಬೆಡ್‌ಶೀಟು ಹಾಸಿ ಟೆರೇಸಿನ ತುಂಬ ಚರಟ ಹರವಿದ್ದೆ. ಬಿಸಿಲು ತಿರುಗಿದಂತೆ ಕೈಯಾಡಿಸುವ ಕೆಲಸ ನನ್ನಾಕೆಗೆ ವಹಿಸಿದ್ದೆ. ಅಷ್ಟರಲ್ಲಿ ಗೌಡರ ಮನೆಯವರು ಮೆಣಸಿನಕಾಯಿ ಒಣಗಿಸಲು ಮೇಲೆ ಬಂದರು. ಇಷ್ಟೊಂದು ಟೀಪುಡಿ ಏನಕ್ಕಮ್ಮಾ ಅಂತ ಕೇಳಿದರು. ಐವತ್ತು ದಾಟಿದ ಗಂಡ ರೈಲು ಆಡುತ್ತಾನೆ ಅಂತ ಹೇಳಲು ನನ್ನಾಕೆಗೆ ನಾಚಿಕೆ. ಅವಳು ಜಗತ್ತಿನ ಅತ್ಯಂತ ಅಪಾಯಕಾರಿ ಉತ್ತರ ಕೊಟ್ಟಳು.

"ಏನೋ ಮಾಡ್ತಾರ್ರಿ. ನನಗೇನೂ ಹೇಳಂಗಿಲ್ರಿ."

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ಮೇಷ್ಟ್ರು ಹೋಟೆಲುಗಳ ಚರಟ ತಂದು ಒಣಗಿಸಿ, ಪ್ಯಾಕೆಟ್ಟು ಮಾಡಿ ಮಾರುತ್ತಾರಂತೆ. ಪಕ್ಕದ ಬೀದಿಯ ಅಂಗಡಿಯವನು ಟೀಪುಡಿ ಕೇಳಿದವರಿಗೆಲ್ಲ, ಇದು ಮೇಷ್ಟ್ರದ್ದಲ್ಲ, ಕಂಪನಿಯದ್ದು ಅಂತ ತೋರಿಸಿ ಕೊಡತೊಡಗಿದ. ಗೌಡರು ಮೆಟ್ಟಿಲ ಬಳಿ ನನ್ನನ್ನು ತಡೆದು, ಮಾಲು ಯಾವ ಕಡೆ ಹೋಗುತ್ತದೆ ಅಂತ ವಿಚಾರಿಸಿದರು. ಎಲ್ಲೂ ಹೋಗಲ್ಲ ಗೌಡ್ರೇ, ಮೇಲೆ ಹಲಗೆಗೆ ಅಂಟಿಸುತ್ತೇನೆ ಅಂದೆ. ಗೌಡರು ನನ್ನನ್ನೇ ನೋಡಿ ನಿಟ್ಟುಸಿರು ಬಿಟ್ಟರು.

"ಟೀ ಪುಡೀನ ಯಾರಾದ್ರೂ ಅಲಗೆಗೆ ಅಂಟುಸ್ತಾರಾ ಮೇಷ್ಟ್ರೇ? ಸುಳ್ಳು ಯೋಳೋದಾದ್ರೆ ನಂಬೋ ಅಂಗಾದ್ರೂ ಯೋಳಿ."

ಗೌಡರ ಮನೆಯವರು ಹಬ್ಬಕ್ಕೆ ಈಗಲೂ ಬರುತ್ತಾರೆ, ಅರಿಶಿನ ಕುಂಕುಮ ತೆಗೆದುಕೊಳ್ಳುತ್ತಾರೆ. ಟೀ ಮಾತ್ರ ಬೇಡ, ಬಿಸಿನೀರು ಸಾಕು ಅನ್ನುತ್ತಾರೆ. ಆ ಬಿಸಿನೀರನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವುದು.

ಟೇಪು ಹಿಡಿದವನು

ಯಲಹಂಕ ದಾಟಿದ ಮೇಲೆ ಹಳಿಯಿಂದ ಸ್ವಲ್ಪ ದೂರದಲ್ಲಿ ಒಂದು ಹಳೇ ಕಲ್ಲಿನ ಗೋಡೌನು ಇದೆ. ಸಣ್ಣ ಹಳಿಯ ಕಾಲದ್ದು. ಅದರದ್ದೊಂದು ಮಾದರಿ ಮಾಡಬೇಕು ಅಂತ ಆಸೆಯಾಗಿ, ಒಂದು ಭಾನುವಾರ ಟೇಪು, ಪೆನ್ಸಿಲ್ ಹಿಡಿದು ಹೋದೆ. ನಮ್ಮ ಬೆಂಗಳೂರಿನಲ್ಲಿ ಕತ್ತಿ ಹಿಡಿದು ಓಡಾಡಿದರೂ ನಡೆಯುತ್ತದೆ, ಟೇಪು ಹಿಡಿದು ಓಡಾಡಬಾರದು. ಇದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಗೋಡೌನಿನ ಬಾಗಿಲು ಅಳೆಯುತ್ತಿದ್ದೆ. ಹಿಂದಿನಿಂದ ಯಾರೋ, ಸಾರ್, ಎಷ್ಟಡಿ ಹೋಗುತ್ತೆ ಅಂತ ಕೇಳಿದರು. ನಾನು ತಿರುಗದೆ, ಏಳಡಿ ಅಂದೆ. ಬಾಗಿಲಿನ ಎತ್ತರ ಅದು. ಕೇಳಿದವರು ಮನೆಯ ಕಡೆ ಓಡಿದರು. ನಾನು ಕಿಟಕಿಗೆ ಬರುವಷ್ಟರಲ್ಲಿ ಅರ್ಧ ಬೀದಿ ನನ್ನ ಬೆನ್ನ ಹಿಂದೆ ನಿಂತಿತ್ತು. ರಸ್ತೆ ಅಗಲ ಮಾಡುವವರು ಬಂದಿದ್ದಾರೆ ಅಂತ ಅವರಿಗೆ ಖಾತ್ರಿಯಾಗಿತ್ತು.

ಅವರಲ್ಲೂ ಎರಡು ಪಕ್ಷ. ರಸ್ತೆ ಅಗಲವಾದರೆ ಅಂಗಡಿ ಹೋಗುವವರು ಒಂದು ಕಡೆ, ಮುಂದಿನ ಅಂಗಡಿ ಹೋದರೆ ತಮ್ಮ ಸೈಟು ಮೇನ್ ರೋಡಿಗೆ ಬರುತ್ತದೆ ಅನ್ನುವವರು ಇನ್ನೊಂದು ಕಡೆ. ಒಬ್ಬರು ಎಳನೀರು ಕೊಚ್ಚಿಸಿ ತಂದು, ಟೇಪು ಸ್ವಲ್ಪ ಆ ಕಡೆ ಹಿಡೀರಿ ಅಂದರು. ಇನ್ನೊಬ್ಬರು ಅದಕ್ಕಿಂತ ದೊಡ್ಡ ಎಳನೀರು ತಂದು, ಸ್ವಲ್ಪ ಈ ಕಡೆ ಹಿಡೀರಿ ಅಂದರು. ಎರಡನ್ನೂ ಕುಡಿದು, ನಾನು ಯಾವ ಇಲಾಖೆಯವನೂ ಅಲ್ಲ, ಮನೆಯಲ್ಲಿ ಆಟದ ರೈಲು ಮಾಡುತ್ತಿದ್ದೇನೆ, ಅದಕ್ಕೆ ಈ ಗೋಡೌನಿನ ಅಳತೆ ಬೇಕು ಅಂತ ಬಿಡಿಸಿ ಹೇಳಿದೆ. ಒಬ್ಬ ಹಿರಿಯರು ಉಳಿದವರಿಗೆ ತಿಳಿಹೇಳಿದರು, ಸಾಹೇಬರನ್ನು ಜಾಸ್ತಿ ಒತ್ತಾಯ ಮಾಡಬೇಡಿ, ಬಾಯಿ ಬಿಡಬಾರದು ಅಂತ ಮೇಲಿಂದ ಆರ್ಡರ್ ಇರುತ್ತೆ.

ಇಷ್ಟು ಹೊತ್ತೂ ಬಿಳಿ ಶರ್ಟಿನ ಸೈಟು ಬ್ರೋಕರ್ ಒಬ್ಬರು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಹೊರಡುವಾಗ ಹತ್ತಿರ ಬಂದು, ಆಟದ ರೈಲು ಅಂದರೆ ಮಕ್ಕಳು ಕೂತು ಹೋಗುವಂಥದ್ದಾ ಅಂತ ಕೇಳಿದರು. ಕೂರೋಕಾಗಲ್ಲ, ಚಿಕ್ಕದು ಅಂದೆ. ಅರ್ಥವಾಯಿತು ಬಿಡಿ ಅಂತ ಕಣ್ಣು ಹೊಡೆದರು.

ಕೆಲವು ವಾರಗಳ ಮೇಲೆ ಅದೇ ದಾರಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದೆ. ಗೋಡೌನಿನ ಪಕ್ಕದಲ್ಲಿ ದೊಡ್ಡ ಬೋರ್ಡು ನಿಂತಿತ್ತು. ಮುಂಬರುವ ಟಾಯ್ ಟ್ರೈನ್ ಪಾರ್ಕಿಗೆ ಹೊಂದಿಕೊಂಡಂತೆ ಸೈಟುಗಳು ಮಾರಾಟಕ್ಕಿವೆ. ನನಗೇ ಖುಷಿಯಾಗಿಬಿಟ್ಟಿತು. ಗಾಡಿ ನಿಲ್ಲಿಸಿ ಬೋರ್ಡಿನಲ್ಲಿದ್ದ ನಂಬರಿಗೆ ಫೋನು ಮಾಡಿ, ಪಾರ್ಕು ಬರುವುದು ನಿಜವಾ ಅಂತ ಕೇಳಿದೆ. ಆ ಕಡೆಯಿಂದ ಬಂದ ಉತ್ತರ, "ನೂರಕ್ಕೆ ನೂರು ನಿಜ ಸಾರ್. ಸರ್ಕಾರದೋರೇ ಬಂದು ಅಳ್ಕೊಂಡು ಹೋಗಿದಾರೆ. ನನ್ ಕಣ್ಣಾರೆ ನೋಡಿದೀನಿ."

ಕಾಲು ಮಿಲಿಮೀಟರು

ಆ ಗುಂಪಿನಲ್ಲಿ ಗೌಡರ ನೆಂಟರೊಬ್ಬರು ಇದ್ದರಂತೆ. ನಿಮ್ಮ ಬಾಡಿಗೆಯವರು ಊರೂರು ಅಳೆಯುತ್ತಿದ್ದಾರೆ ಅಂತ ಗೌಡರ ಕಿವಿಗೆ ಹಾಕಿದರು. ಆಮೇಲೆ ನಾನು ಎದುರುಮನೆಯ ಕಡೆ ತಿರುಗಿ ಕೆಮ್ಮಿದರೂ ಗೌಡರು ಕಿಟಕಿಯಿಂದ ಗಮನಿಸತೊಡಗಿದರು. ನನಗೂ ಅವರ ಮೇಲೆ ಸಂಶಯ ಶುರುವಾಯಿತು. ಟೆರೇಸಿಗೆ ಹತ್ತುವಾಗ ಹಿಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡುವುದು, ಬೀಗ ಹಾಕಿದ ಮೇಲೆ ಎರಡು ಸಲ ಜಗ್ಗುವುದು ಅಭ್ಯಾಸವಾಯಿತು.

ಈ ಮಧ್ಯೆ ಮಾದರಿ ರೈಲು ಮಾಡುವವರೆಲ್ಲ ಆರ್.ಟಿ. ನಗರದ ಒಂದು ಮನೆಯಲ್ಲಿ ಸೇರುತ್ತಾರೆ ಅಂತ ಗೊತ್ತಾಗಿ ಹೋದೆ. ನಮ್ಮವರು ಅಂತ ಎದೆಯುಬ್ಬಿಸಿಕೊಂಡು ಹೋದರೆ, ಬಾಗಿಲಲ್ಲೇ ನಿಮ್ಮದು ಯಾವ ಸ್ಕೇಲು ಅಂತ ಕೇಳಿದರು, ಹೆಣ್ಣು ನೋಡಲು ಹೋದವರನ್ನು ಗೋತ್ರ ಕೇಳಿದ ಹಾಗೆ. ಹೇಳಿದೆ. ಅಂಥದ್ದೊಂದು ಇಲ್ಲವಲ್ಲ ಅಂದರು. ಇದೆ, ನಾನು ಮಾಡಿದ್ದೇನೆ ಅಂದೆ. ಅವರ ಹಳಿಗಳೆಲ್ಲ ನನ್ನದರ ಅರ್ಧ ಅಗಲ, ನನ್ನ ಇಂಜಿನನ್ನು ಅವುಗಳ ಮೇಲೆ ಇಟ್ಟು ತೋರಿಸುವಂತೆಯೂ ಇರಲಿಲ್ಲ. ಕಾಫಿ ಕೊಟ್ಟರು, ಮರ್ಯಾದೆಯಾಗಿಯೇ ಮಾತಾಡಿದರು. ಹೊರಡುವಾಗ ಒಬ್ಬರು ಪಕ್ಕಕ್ಕೆ ಕರೆದು, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಹತ್ತಿರ ನಿಜವಾಗಲೂ ರೈಲು ಇದೆಯಾ ಅಂತ ಕೇಳಿದರು.

ಆದರೆ ಅಲ್ಲಿಗೆ ಹೋದದ್ದು ದಂಡವಾಗಲಿಲ್ಲ. ಅವರ ಪೈಕಿ ಯಾರೋ, ನಿಮ್ಮ ಹಾಗೇ ಹಟ ಹಿಡಿದವರು ಬಾಗಲಗುಂಟೆಯಲ್ಲಿ ಒಬ್ಬರಿದ್ದಾರೆ ಅಂತ ನಂಬರು ಕೊಟ್ಟರು. ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ಫೋನು ಮಾಡಿದರೆ ಅದೇ ಹಳೇ ರೈಲು, ಅದೇ ಒಂದಡಿಗೆ ಅರ್ಧ ಇಂಚು. ಕಳೆದುಹೋದ ಅಣ್ಣ ಸಿಕ್ಕಷ್ಟು ಸಂತೋಷವಾಯಿತು ನನಗೆ. ಮುಂದಿನ ಭಾನುವಾರವೇ ಅವರು ತಮ್ಮ ಇಂಜಿನನ್ನು ಟವೆಲಿನಲ್ಲಿ ಸುತ್ತಿ ತಂದರು. ನನ್ನಾಕೆ ಉಪ್ಪಿಟ್ಟು ಮಾಡಿ ಮೇಲಕ್ಕೆ ತಂದುಕೊಟ್ಟಳು. ಅವರು ನನ್ನ ಎಮ್ಮೆಯನ್ನು ಹೊಗಳಿದರು, ನಾನು ಅವರ ಚಿಮಣಿಯನ್ನು ಹೊಗಳಿದೆ. ಆಮೇಲೆ ಅವರ ಇಂಜಿನನ್ನು ನನ್ನ ಹಳಿಯ ಮೇಲಿಟ್ಟೆವು. ನೆಟ್ಟಗೆ ಹೋಯಿತು, ತಿರುವಿಗೆ ಬಂದು ಕಚ್ಚಿಕೊಂಡಿತು.

ಅವರು ಜೇಬಿನಿಂದ ಅಳತೆಯ ಉಪಕರಣ ತೆಗೆದರು. ಅವರ ಜೇಬಿನಲ್ಲಿ ಅದು ಇದ್ದದ್ದೇ ನನಗೆ ಸಂಶಯ ತಂದಿತು. ಹಳಿ ಅಳೆದು, ನಿಮ್ಮದು ಕಾಲು ಮಿಲಿಮೀಟರ್ ಕಮ್ಮಿ ಇದೆ ಅಂದರು. ಅವರದ್ದು ಸರಿಯಾಗಿ ಮೂವತ್ತೆರಡು ಮಿಲಿಮೀಟರು. ನನ್ನದು ಒಂದೂಕಾಲು ಇಂಚು, ಅಂದರೆ ಮೂವತ್ತೆರಡಕ್ಕೆ ಕಾಲು ಕಮ್ಮಿ. ಲೆಕ್ಕದ ಪ್ರಕಾರ ನನ್ನದೇ ಸರಿ ಅಂದೆ. ಲೆಕ್ಕ ಕಾಗದಕ್ಕೆ, ಚಕ್ರ ತಿರುಗಬೇಕಾದರೆ ಸಡಿಲ ಬೇಕು ಅಂದರು. ಅವರು ಸುಮ್ಮನೆ ರೌಂಡ್ ಮಾಡಿಕೊಂಡಿದ್ದಾರೆ ಅಂತ ನಾನಂದೆ. ನಾನು ಅಳತೆ ಕದ್ದಿದ್ದೇನೆ ಅಂತ ಅವರಂದರು. ಕಾಲು ಮಿಲಿಮೀಟರು ಕದ್ದು ನಾನೇನು ಮನೆ ಕಟ್ಟಲಾ ಅಂತ ಕೂಗಿದೆ. ಅಳತೆಯಲ್ಲಿ ಒಂದು ಸಲ ಬಿಟ್ಟುಕೊಟ್ಟರೆ ಮುಗಿಯಿತು ಅಂತ ಅವರೂ ಕೂಗಿದರು. ಇಂಜಿನನ್ನು ಟವೆಲಿನಲ್ಲಿ ಸುತ್ತಿಕೊಂಡು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಹೋದರು.

ತಟ್ಟೆ ತೆಗೆಯಲು ಬಂದ ನನ್ನಾಕೆ ಏನಾಯಿತು ಅಂತ ಕೇಳಿದಳು. ಎಲ್ಲ ವಿವರಿಸಿದೆ. ಅವಳು ಉಳಿದ ಉಪ್ಪಿಟ್ಟನ್ನೂ ನನ್ನ ಮುಖವನ್ನೂ ನೋಡಿ, "ದೇಶದಾಗ ಇರಾವ್ರು ಇಬ್ಬರ. ಅದರಾಗೂ ಎರಡು ಪಾರ್ಟಿ ಮಾಡ್ಕೊಂಡ್ರಿ" ಅಂದಳು.

ಒಂದೂವರೆ ಇಂಚಿನ ಒತ್ತುವರಿ

ಈ ಜಗಳ ನಡೆಯುವಾಗ ಗೌಡರು ಮೆಟ್ಟಿಲ ಮೇಲೆ ನಿಂತಿದ್ದರು. ಇಬ್ಬರು ಬೀಗ ಹಾಕಿಕೊಳ್ಳುವ ರೂಮಿನಲ್ಲಿ ಕೂತು ಅಳತೆ ಕಮ್ಮಿ, ಅಳತೆ ಜಾಸ್ತಿ, ಕದ್ದೆ, ಬಿಟ್ಟುಕೊಡಲ್ಲ ಅಂತ ಕೂಗಾಡಿದರೆ ಅವರು ತಾನೇ ಏನು ತಿಳಿಯಬೇಕು. ನಾನು ಎದುರುಮನೆಯವರು ಗುಟ್ಟಾಗಿ ಇಟ್ಟುಕೊಂಡಿರುವ ಸರ್ವೆಯವನು ಅಂತ ತೀರ್ಮಾನ ಮಾಡಿದರು. ಮಾರನೆಯ ದಿನ, ಯುಗಾದಿಯೊಳಗೆ ಮೇಲಿನ ರೂಮು ಖಾಲಿ ಮಾಡಿಕೊಡಿ ಅಂತ ಹೇಳಿ ಹೋದರು.

ರೂಮಿಗೆ ಹೋಗಿ ಹಳಿಯನ್ನೇ ನೋಡುತ್ತಾ ಕೂತೆ. ಎಲ್ಲಿಂದ ಕೊಯ್ಯುವುದು, ಹಲಗೆಯ ಮೇಲಿನ ಕೆರೆಯ ಮಧ್ಯದಿಂದಲೋ ರೈಲ್ವೆ ಗೇಟಿನ ಹತ್ತಿರದಿಂದಲೋ ಅಂತ ಯೋಚಿಸಿದರೆ ಅಳು ಬರುತ್ತಿತ್ತು. ಕೊನೆಗೆ ಗೌಡರ ಬಳಿ ಹೋಗಿ, ಖಾಲಿ ಮಾಡುತ್ತೇನೆ, ಅದಕ್ಕೆ ಮೊದಲು ನೀವು ಒಂದೇ ಒಂದು ಸಲ ಒಳಗೆ ಬಂದು ನೋಡಿ ಅಂತ ಬೇಡಿಕೊಂಡೆ.

ಬಂದರು. ಬಾಗಿಲಲ್ಲೇ ನಿಂತು ಮೂಲೆ ಮೂಲೆ ಪರೀಕ್ಷಿಸಿದರು. ಆಮೇಲೆ ಹಲಗೆಯ ಮೇಲೆ ಕಣ್ಣು ಹೋಯಿತು. ನಾನು ಮಾಡಿದ್ದು ಬೇರೆ ಯಾವ ಊರನ್ನೂ ಅಲ್ಲ, ಇದೇ ಊರನ್ನು. ಕೆರೆ, ಪಕ್ಕದಲ್ಲಿ ಸಣ್ಣ ಹಳಿ, ಹಳಿಗೆ ತಾಗಿದ ಹೊಲಗಳು, ಒಂದು ಬಾವಿ, ಒಂದು ಹುಣಸೆ ಮರ. ಗೌಡರು ಬಗ್ಗಿ ನೋಡಿ ಬಾವಿಯ ಹತ್ತಿರ ಬೆರಳು ತಂದರು.

"ಇದು ನಮ್ಮಪ್ಪ ತೋಡ್ಸಿದ್ ಬಾವಿ ಕಣ್ರೀ ಮೇಷ್ಟ್ರೇ. ಇಂಗೇ ಇತ್ತು."

ಅವರ ಅಪ್ಪ ಎಮ್ಮೆಗಳನ್ನು ಹಳಿ ದಾಟಿಸುವ ತನಕ ಡ್ರೈವರು ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದನಂತೆ. ಹೇಳುತ್ತಾ ಹೇಳುತ್ತಾ ಗೌಡರ ದನಿ ಮೆತ್ತಗಾಯಿತು. ನನ್ನ ರೂಮು ಉಳಿಯಿತು ಅಂದುಕೊಂಡೆ. ಅಷ್ಟರಲ್ಲಿ ಅವರ ಬೆರಳು ಬಾವಿಯಿಂದ ಬದುವಿಗೆ ಹೋಯಿತು. ಎರಡು ಹೊಲಗಳ ನಡುವೆ ನಾನು ಸಣ್ಣ ಕಲ್ಲು ಜೋಡಿಸಿ ಮಾಡಿದ್ದ ಬದು. ಗೌಡರ ಮುಖ ಬಿಗಿಯಿತು. ಹುಣಸೆ ಮರ ಬದುವಿನ ಈಚೆ ಇರಬೇಕು, ಇಲ್ಲಿ ಆಚೆ ಇದೆ, ಹೀಗಂತ ಹೇಳಿದವರು ಯಾರು ಅಂತ ಕೇಳಿದರು.

ಹೇಳದೆ ಗತಿಯಿರಲಿಲ್ಲ. ಹಳೇ ಕಾಲದ ಹೊಲ ಹೇಗಿತ್ತು ಅಂತ ಟೀ ಅಂಗಡಿಯಲ್ಲಿ ನಾನು ಹಿರಿಯರನ್ನೆಲ್ಲ ಕೇಳಿದ್ದೆ. ಅವರಲ್ಲಿ ಬಹಳ ಆಸಕ್ತಿಯಿಂದ, ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದವರು ಎದುರುಮನೆಯವರು. ಅವರಿಗೆ ಅಷ್ಟು ಆಸಕ್ತಿ ಯಾಕೆ ಅಂತ ನನಗೆ ಆಗ ಹೊಳೆದಿರಲಿಲ್ಲ. ವ್ಯಾಜ್ಯ ಇದ್ದದ್ದೇ ಆ ಬದುವಿನದ್ದು, ಆ ಮರದ್ದು. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದರೂ ಆ ತುಂಡು ಮಾತ್ರ ಮುಳ್ಳುಪೊದೆ ಬೆಳೆದು ಹಾಗೇ ಬಿದ್ದಿದೆ. ಕೋರ್ಟಿನ ಸ್ಟೇ ಇದೆ. ತೀರ್ಪಾಗುವ ತನಕ ಅಲ್ಲಿ ಇಬ್ಬರೂ ಒಂದು ಕಡ್ಡಿ ಕದಲಿಸುವಂತಿಲ್ಲ.

ಬದು ಮೊದಲು ಸರಿ ಮಾಡಿ, ಆಮೇಲೆ ರೂಮಿನ ವಿಷಯ ಮಾತಾಡೋಣ ಅಂದರು ಗೌಡರು. ರೂಮು ಉಳಿಯುವುದಾದರೆ ನಾನು ಕೆರೆಯನ್ನೇ ಎತ್ತಿಡಲು ತಯಾರಿದ್ದೆ. ಅವರ ಎದುರಿಗೇ ಬದು ಕಿತ್ತು ಒಂದೂವರೆ ಇಂಚು ಸರಿಸಿದೆ, ಅಂದರೆ ನಿಜದ ಲೆಕ್ಕದಲ್ಲಿ ಮೂರು ಅಡಿ. ಹುಣಸೆ ಮರ ಗೌಡರ ಹೊಲಕ್ಕೆ ಬಂತು. ಗೌಡರು ತೃಪ್ತಿಯಿಂದ ಅದನ್ನೊಮ್ಮೆ ನೋಡಿ ಇಳಿದು ಹೋದರು.

ಎರಡು ದಿನ ಕಳೆದು ನೋಡುತ್ತೇನೆ, ಮರ ಮತ್ತೆ ಆಚೆ ಹೊಲದಲ್ಲಿದೆ. ಮೊದಲು ಇಲಿಯ ಮೇಲೆ ಸಂಶಯವಾಯಿತು. ಆದರೆ ಇಲಿ ಕಲ್ಲುಗಳನ್ನು ಸಾಲಾಗಿ ಜೋಡಿಸುವುದಿಲ್ಲ. ನನ್ನಾಕೆಯನ್ನು ಕೇಳಿದರೆ, ನಾನು ಕಾಲೇಜಿಗೆ ಹೋದಾಗ, ಗೌಡರು ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಎದುರುಮನೆಯವರು ಬಂದಿದ್ದರು ಅಂದಳು. ಮೇಷ್ಟ್ರು ತಮ್ಮನ್ನು ಕೇಳಿಯೇ ಮಾಡಿದ್ದು, ಸರಿಯಾಗಿದೆಯಾ ನೋಡಬೇಕು ಅಂದರಂತೆ. ವಯಸ್ಸಾದವರು ಅಂತ ಇವಳು ಬೀಗ ತೆಗೆದುಕೊಟ್ಟಳು. ನೋಡಿದವರು ಸುಮ್ಮನೆ ಹೋಗಿರಲಿಲ್ಲ.

ಅಲ್ಲಿಂದ ಶುರುವಾಯಿತು. ಗೌಡರು ನನ್ನಿಂದ ಇನ್ನೊಂದು ಕೀ ಇಸಿದುಕೊಂಡಿದ್ದರು, ಎದುರುಮನೆಯವರಿಗೆ ನನ್ನಾಕೆಯ ಸಂಕೋಚ ಇತ್ತು. ಬದು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ. ನಿಜವಾದ ಹೊಲದಲ್ಲಿ ಸ್ಟೇ ಇದ್ದುದರಿಂದ ಇಷ್ಟು ವರ್ಷ ತಡೆದುಕೊಂಡದ್ದನ್ನೆಲ್ಲ ಇಬ್ಬರೂ ನನ್ನ ಹಲಗೆಯ ಮೇಲೆ ತೀರಿಸಿಕೊಳ್ಳುತ್ತಿದ್ದರು. ನಾನೂ ಪತ್ತೇದಾರನಾದೆ. ಬದುವಿನ ಬುಡಕ್ಕೆ ಸಣ್ಣಗೆ ಪೆನ್ಸಿಲ್ ಗುರುತು ಹಾಕಿಟ್ಟೆ. ಸಂಜೆ ಬಂದು ನೋಡಿದರೆ ಬದುವಿನ ಜೊತೆ ಗುರುತೂ ಸರಿದಿತ್ತು. ಬಾಯಿಬಿಟ್ಟು ಯಾರನ್ನೂ ಕೇಳುವ ಧೈರ್ಯ ನನಗಿರಲಿಲ್ಲ. ಯುಗಾದಿ ಹತ್ತಿರ ಬರುತ್ತಿತ್ತು.

ಆಮೇಲೆ ಇದ್ದಕ್ಕಿದ್ದಂತೆ ಬದು ಸರಿಯುವುದು ನಿಂತಿತು. ನನಗೆ ಸಂಶಯ ಇನ್ನೂ ಜಾಸ್ತಿಯಾಯಿತು. ಭಾನುವಾರ ರೈಲು ಬಿಟ್ಟೆ. ಕೆರೆ ದಾಟಿ, ಹುಣಸೆ ಮರದ ಹತ್ತಿರ ಬಂದ ಇಂಜಿನ್ ಎಂಥದ್ದಕ್ಕೋ ಹೊಡೆದು ಮಗುಚಿತು. ಎರಡು ಬೋಗಿ ಪ್ರಯಾಣಿಕರ ಸಮೇತ ಉರುಳಿದವು. ಬಗ್ಗಿ ನೋಡಿದರೆ, ಹಳಿಯಿಂದ ದೂರದಲ್ಲಿ ನಾನು ನೆಟ್ಟಿದ್ದ ರೈಲ್ವೆಯ ಗಡಿಕಲ್ಲುಗಳು ಎರಡೂ ಹೊಲದವರ ಕಡೆಯಿಂದ ಮುಂದೆ ಬಂದು ಹಳಿಗೇ ತಾಗಿ ನಿಂತಿದ್ದವು.

ಸಿಟ್ಟಿನಲ್ಲಿ ಗೌಡರ ಮನೆಗೆ ಇಳಿದು ಹೋದೆ. ನಡುಮನೆಯಲ್ಲಿ ಕಂಡದ್ದನ್ನು ನನ್ನ ಕಣ್ಣೇ ನಂಬಲಿಲ್ಲ. ವರ್ಷಗಳಿಂದ ಮುಖ ಕೊಟ್ಟು ಮಾತಾಡದ ಅಣ್ಣ ತಮ್ಮ ಒಂದೇ ದಿವಾನದ ಮೇಲೆ ಕೂತು, ಒಂದೇ ತಟ್ಟೆಯಿಂದ ಕಡ್ಲೆಪುರಿ ತಿನ್ನುತ್ತಿದ್ದರು. ಒಂದು ದಿನ ಮಧ್ಯಾಹ್ನ ಗೌಡರಿಗೆ ನಿದ್ದೆ ಬರದೆ ಮೇಲೆ ಹೋಗಿದ್ದಾರೆ, ರೂಮಿನಲ್ಲಿ ಇಬ್ಬರೂ ಮುಖಾಮುಖಿ ಸಿಕ್ಕಿಬಿದ್ದಿದ್ದಾರೆ. ಕಲ್ಲು ಕೈಯಲ್ಲಿ ಹಿಡಿದುಕೊಂಡೇ ಜಗಳ ಆಡಿ, ದಣಿದು, ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಮರ ಗೌಡರಿಗೆ. ಅದರ ಬದಲು ಎದುರುಮನೆಯವರಿಗೆ ರೈಲ್ವೆ ಜಾಗದಲ್ಲಿ ಒಂದು ಪಟ್ಟಿ. ಅವರು ತೆಗೆದುಕೊಂಡ ಮೇಲೆ ಗೌಡರು ಬಿಡುತ್ತಾರೆಯೇ, ಅವರಿಗೂ ಅಷ್ಟೇ ಅಗಲದ ಒಂದು ಪಟ್ಟಿ.

ಇಬ್ಬರನ್ನೂ ಮೇಲೆ ಕರೆದುಕೊಂಡು ಹೋಗಿ ಬಿದ್ದ ರೈಲು ತೋರಿಸಿದೆ. ಗಾಡಿ ಹೋಗಲು ಜಾಗವಿಲ್ಲ, ಗಡಿಕಲ್ಲು ಹಿಂದಕ್ಕೆ ಹೋಗಬೇಕು ಅಂದೆ. ಎದುರುಮನೆಯವರು ಇಂಜಿನನ್ನು ಎತ್ತಿ, ತಿರುಗಿಸಿ ನೋಡಿ, ಬಹಳ ಸಮಾಧಾನದಿಂದ ಹೇಳಿದರು.

"ರೈಲ್ನೇ ಒಸಿ ಸಣ್ಣದು ಮಾಡ್ಬುಡಿ ಮೇಷ್ಟ್ರೇ. ಎರಡೂವರೆ ಅಡಿ ಯಾಕೆ, ಎರಡಡಿ ಸಾಕಲ್ವಾ?"

ನನ್ನ ಇಂಜಿನು, ಬೋಗಿ, ಚಕ್ರ, ತಿರುವು, ಇಷ್ಟು ವರ್ಷದ ಬದುಕೆಲ್ಲ ನಿಂತಿದ್ದೇ ಆ ಒಂದೂಕಾಲು ಇಂಚಿನ ಮೇಲೆ. ರೂಮು ಹೋದರೂ ಹೋಗಲಿ ಅನ್ನಿಸಿತು ಆ ಕ್ಷಣಕ್ಕೆ. ಆಗುವುದಿಲ್ಲ, ಒಂದು ಕೂದಲೆಳೆಯಷ್ಟೂ ಕಮ್ಮಿ ಮಾಡುವುದಿಲ್ಲ ಅಂದುಬಿಟ್ಟೆ. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಸಂಶಯವೂ ಒಬ್ಬನೇ ಮನುಷ್ಯನ ಮೇಲೆ ತಿರುಗಿದ್ದು ಬಹುಶಃ ಅದೇ ಮೊದಲು. ರೈಲ್ವೆಯವರು ಅವತ್ತು ಜಾಗ ತೆಗೆದುಕೊಳ್ಳುವಾಗ ನಮ್ಮಪ್ಪನಿಗೂ ಹೀಗೇ ಅಂದಿದ್ದರು ಅಂತ ಗೌಡರು ಗೊಣಗಿದರು. ನಾನು ಬಿದ್ದ ಪ್ರಯಾಣಿಕರನ್ನು ಎತ್ತಿ ಪೆಟ್ಟಿಗೆಗೆ ಹಾಕತೊಡಗಿದೆ. ಹೇಗೂ ಖಾಲಿ ಮಾಡಬೇಕು, ಇವತ್ತಿನಿಂದಲೇ ಶುರು ಮಾಡುತ್ತೇನೆ ಅಂದೆ. ಗೌಡರು ಗಾಬರಿಯಾಗಿ ನನ್ನ ಕೈ ಹಿಡಿದರು.

"ಮುಟ್ಬೇಡಿ. ತೀರ್ಮಾನ ಆಗೋಗಂಟ ಯಾರೂ ಏನೂ ಕದಲುಸ್ಬಾರ್ದು, ಇದ್ದಂಗೇ ಇರ್ಬೇಕು. ನೀವು ಎತ್ಕೊಂಡೋಗ್ಬುಟ್ರೆ ನಮ್ ಜಾಗ ಎಲ್ಲೈತೆ ಅಂತ ಯಾರ್ನ ಕೇಳಾನ?"

ರೂಮು, ಅಂತ ನಾನು ಬಾಯಿ ತೆರೆದೆ. ರೂಮಿಗೂ ಅದೇ ಸ್ಟೇ ಅಂದರು ಎದುರುಮನೆಯವರು.

ಯುಗಾದಿ ಬಂತು, ಹೋಯಿತು. ರೈಲು ಈಗ ಹುಣಸೆ ಮರದವರೆಗೆ ಬಂದು ನಿಂತು ಹಿಂದಕ್ಕೆ ಹೋಗುತ್ತದೆ. ಅಲ್ಲೊಂದು ಸಣ್ಣ ಸ್ಟೇಷನ್ನಾದರೂ ಕಟ್ಟೋಣ ಅಂದರೆ ಅದಕ್ಕೂ ಇಬ್ಬರ ಒಪ್ಪಿಗೆ ಬೇಕಂತೆ. ತಿಂಗಳಿಗೊಮ್ಮೆ ಅಣ್ಣ ತಮ್ಮ ಒಟ್ಟಿಗೆ ಮೇಲೆ ಬರುತ್ತಾರೆ. ಎರಡಡಿ ಬೇಡ, ಎರಡೂಕಾಲಿಗೆ ಒಪ್ಪಿಕೊಳ್ಳಿ, ಹಟ ಯಾಕೆ, ರಾಜಿ ಮಾಡಿಕೊಳ್ಳೋಣ ಅಂತ ನಯವಾಗಿ ಕೇಳುತ್ತಾರೆ. ನಾನು ತಲೆ ಅಲ್ಲಾಡಿಸಿ, ಇಲ್ಲ ಗೌಡ್ರೇ, ಇದು ನ್ಯಾಯದ ಪ್ರಶ್ನೆ, ಒಂದಿಂಚೂ ಬಿಡುವುದಿಲ್ಲ ಅನ್ನುತ್ತೇನೆ. ರಾಜಿಯಾದ ದಿನವೇ ರೂಮು ಖಾಲಿ ಮಾಡಬೇಕಾಗುತ್ತದಲ್ಲ.